ಸುಶೀಲಾ ಕೊಂಡ ಲೆನ್ಸು

ಸೂರತ್ತಿನ ಅಡಾಜಣ್‌ನಲ್ಲಿರುವ ರಘುರಾಮನ ಹೋಟೆಲು ಎಂದರೆ ಆರು ಮೇಜು ಹಿಡಿಯುವ ಒಂದು ಕೋಣೆ, ಅದರ ಹಿಂದೆ ಅಡಿಗೆಮನೆ. ಗಲ್ಲಾದಲ್ಲಿ ರಘುರಾಮ, ಒಳಗೆ ಅವನ ಹೆಂಡತಿ ಸುಶೀಲಾ. ಮದುವೆಯಾಗಿ ಕುಂದಾಪುರದಿಂದ ಬಂದಂದಿನಿಂದ ಚಟ್ನಿಯ ಹದ, ಸಾಂಬಾರಿನ ಪುಡಿ, ಕಾಫಿಯ ಡಿಕಾಕ್ಷನ್ ಎಲ್ಲವೂ ಅವಳ ಕೈಯಲ್ಲೇ. ಐವತ್ತು ದಾಟಿದ ಮೇಲೆ ಅವಳಿಗೆ ಫೋಟೋದ ಹುಚ್ಚು ಹಿಡಿಯಿತು.

ಮಗಳು ಶ್ವೇತಾ ಮದುವೆಯಾಗಿ ವಡೋದರಾದ ಫತೇಗಂಜ್‌ಗೆ ಹೋಗುವಾಗ ತನ್ನ ಹಳೆಯ ಕ್ಯಾಮೆರಾವನ್ನು ಇಲ್ಲೇ ಬಿಟ್ಟಿದ್ದಳು. ಮೊಬೈಲಿನಲ್ಲಿ ತಿಂಡಿ ತರಿಸುವವರು ಫೋಟೋ ನೋಡಿಯೇ ಆರ್ಡರ್ ಮಾಡುತ್ತಾರೆಂದು ಗೊತ್ತಾದಾಗ ಸುಶೀಲಾ ಅದನ್ನು ಕಪಾಟಿನಿಂದ ಇಳಿಸಿದಳು. ಅದಕ್ಕಿದ್ದದ್ದು ಜೂಮ್ ಲೆನ್ಸು. ಉಂಗುರ ತಿರುಗಿಸಿದರೆ ಸಾಕು, ನಿಂತಲ್ಲಿಗೇ ದೂರದ್ದು ಹತ್ತಿರ ಬರುತ್ತಿತ್ತು. ಆದರೆ ಹೋಟೆಲಿನ ಮಂದ ಬೆಳಕಿನಲ್ಲಿ ಇಡ್ಲಿ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಕೈ ಕೊಂಚ ಅಲುಗಿದರೂ ಫೋಟೋ ಕಲಸಿಹೋಗುತ್ತಿತ್ತು.

“ಪ್ರೈಮ್ ಲೆನ್ಸ್ ತಗೊ ಅಮ್ಮ. ಕಡಿಮೆ ಲೈಟಲ್ಲೂ ಮಸ್ತ್ ಬರುತ್ತೆ,” ಎಂದಳು ಶ್ವೇತಾ ಫೋನಿನಲ್ಲಿ.

“ಅದರಲ್ಲಿ ಹತ್ತಿರ ದೂರ ಮಾಡುದು ಹೇಗೆ?”

“ಅದಕ್ಕೆ ಬರಲ್ಲ. ನೀನೇ ಹಿಂದೆ ಮುಂದೆ ನಡೀಬೇಕು.”

ಮುಂದಿನ ಭಾನುವಾರ ಅಳಿಯ ನಿತಿನ್ ತನ್ನದೇ ಪ್ರೈಮ್ ಲೆನ್ಸು ತಂದುಕೊಟ್ಟ. “ಸ್ವಲ್ಪ ದಿನ ಇಟ್ಕೊಂಡು ನೋಡಿ ಅತ್ತೆ. ಇಷ್ಟ ಆದ್ರೆ ಮಾತ್ರ ತಗೊಳ್ಳಿ.”

ಮೊದಲು ತೆಗೆದದ್ದು ಮಸಾಲೆ ದೋಸೆ. ಗರಿಗರಿಯಾದ ತುದಿಯ ಒಂದೊಂದು ಕಣ್ಣೂ ಎಣಿಸುವಂತೆ ಬಂದಿತ್ತು, ಉಳಿದದ್ದೆಲ್ಲ ಮಂಜು. ಸುಶೀಲಾ ಹಿಗ್ಗಿದಳು. ರಘುರಾಮ ಕನ್ನಡಕ ಏರಿಸಿ ನೋಡಿದ.

“ಗಿರಾಕಿ ದುಡ್ಡು ಕೊಡುದು ಇಡೀ ದೋಸೆಗೆ ಮಾರಾಯ್ತಿ, ತುದಿಗಲ್ಲ.”

ನಗು ಬಂದರೂ ಅವಳು ಅಳಿಯನಿಗೆ ಫೋನ್ ಮಾಡಿ, ಲೆನ್ಸಿನ ಕಿಂಡಿಯನ್ನು ಕಿರಿದು ಮಾಡುವುದು ಕಲಿತಳು. ದೋಸೆ ಪೂರ್ತಿ ಸಿಕ್ಕಿತು. ಇಡೀ ಕೋಣೆ ಮಾತ್ರ ಸಿಗಲಿಲ್ಲ. ಹಿಂದೆ ಸರಿದು ಸರಿದು ಒಮ್ಮೆ ಕೈ ತೊಳೆಯುವ ಬೇಸಿನ್ನಿಗೆ ಬೆನ್ನು ಬಡಿಯಿತು, ಇನ್ನೊಮ್ಮೆ ಕಾಫಿಯ ಟ್ರೇ ಉರುಳುವುದು ಸ್ವಲ್ಪದರಲ್ಲಿ ತಪ್ಪಿತು. “ಹೊರಗೇ ಹೋಗಿ ನಿಲ್ಲು!” ಎಂದು ರಘುರಾಮ ರೇಗಿದ.

ಅವಳು ಹೋಗಿಯೇಬಿಟ್ಟಳು. ಬೆಳಗಿನ ಗದ್ದಲದ ಹೊತ್ತಿನಲ್ಲಿ ಫುಟ್‌ಪಾತಿನ ಮೇಲೆ ನಿಂತು ತನ್ನ ಹೋಟೆಲನ್ನು ನೋಡಿದ್ದು ಅದೇ ಮೊದಲು. ಆ ಹೊತ್ತಿಗೆಲ್ಲ ಅವಳಿರುತ್ತಿದ್ದದ್ದು ಒಲೆಯ ಮುಂದೆ, ಗಂಡನೆಂದರೆ “ಎರಡು ಮಸಾಲೆ!” ಎಂದು ಕೂಗುವ ದನಿ, ಅಷ್ಟೇ. ಈಗ ಕ್ಯಾಮೆರಾದೊಳಗಿಂದ ಕಂಡವನೇ ಬೇರೆ. ಗಲ್ಲಾದ ಮುಂದೆ ಅಜ್ಜಿಯ ಸೀರೆಯ ಮರೆಯಲ್ಲಿ ನಿಂತ ಪುಟ್ಟ ಹುಡುಗಿ ಇಣುಕಿದಾಗಲೆಲ್ಲ ಅವನು ಮೆನು ಕಾರ್ಡಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದ. ಅವಳು ಅಡಗಿದರೆ ಇವನು ಇಣುಕುತ್ತಿದ್ದ. ಬಿಲ್ಲಿಗೆ ಕಾದವರೂ ಅವಸರ ಮರೆತು ನಗುತ್ತಿದ್ದರು. ಸುಶೀಲಾ ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. ಒಳಗೆ ಹಾಲು ಉಕ್ಕಿಹೋಯಿತು, ಹೋಗಲಿ ಅನ್ನಿಸಿತು.

ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಅವನಿಗೆ ತೋರಿಸಿದಳು.

“ಹ್ವಾಯ್, ಇದು ಕಾಣಿ.”

ರಘುರಾಮ ಬಹಳ ಹೊತ್ತು ನೋಡಿದ. “ನನ್ನ ತಲೆ ಇಷ್ಟು ಬೋಳಾಗಿದೆಯಾ?” ಎಂದ. ಆಮೇಲೆ ಮೆಲ್ಲಗೆ, “ಇದನ್ನು ಶ್ವೇತಾಳಿಗೆ ಕಳಿಸು. ಅವಳೂ ಹೀಗೇ ಅಡಗ್ತಿದ್ದಳು,” ಎಂದ. ಕ್ಯಾಮೆರಾವನ್ನು ಅವಳ ಕೈಗಿಡುತ್ತಾ ಕೇಳಿದ, “ಹಾಗಾದರೆ ಇಂಥದ್ದೇ ಲೆನ್ಸು ತಗೊಳ್ಳುದಾ?”

“ತಿಂಡಿಯ ಫೋಟೋಕ್ಕೆ ಹಳೇ ಜೂಮೇ ಸಾಕು. ಮೇಜನ್ನು ಬಾಗಿಲ ಹತ್ತಿರ ಎಳೆದರೆ ಬೆಳಕು ಬರ್ತದೆ. ಪ್ರೈಮ್ ನನಗೆ ಬೇಕು.”

ವಾರದ ರಜೆಯ ದಿನ ಇಬ್ಬರೂ ತಾಪಿ ನದಿ ದಾಟಿ ಹಳೇ ಪೇಟೆಗೆ ಹೋಗಿ ಲೆನ್ಸು ಕೊಂಡರು. ಮರಳುವಾಗ ಸೇತುವೆಯ ಮೇಲೆ ಗಾಳಿ ಬೀಸುತ್ತಿತ್ತು. ಕಂಬಿಗೆ ಒರಗಿ ನಿಲ್ಲೆಂದು ಅವನಿಗೆ ಹೇಳಿ, ನದಿಯೂ ಅವನೂ ಒಟ್ಟಿಗೆ ಸಿಗಲೆಂದು ಸುಶೀಲಾ ಒಂದೊಂದೇ ಹೆಜ್ಜೆ ಹಿಂದೆ ಸರಿದಳು.

“ಇನ್ನೆಷ್ಟು ಹಿಂದೆ ಹೋಗ್ತಿ?” ರಘುರಾಮ ಕೂಗಿದ. “ಅಡಾಜಣ್ ಬಂತು ಮಾರಾಯ್ತಿ!”

“ಬರಲಿ, ಮನೆಗೇ ಹೋಗ್ಬೇಕಲ್ಲ. ನೀವು ಅಲ್ಲಾಡಬೇಡಿ!” ಎಂದು ಕೂಗಿ, ಅವಳು ಮತ್ತೊಂದು ಹೆಜ್ಜೆ ಹಿಂದಿಟ್ಟಳು.