ದೀಪ ದೊಡ್ಡದು ಮಾಡು

ಆ ಮಾತು ಕನ್ನಡದಲ್ಲಿ ಇದೆ, ವಿನುತಾ. ಅವತ್ತೂ ಇತ್ತು. ಇಲ್ಲ ಎಂದ ನಾನು ಸುಳ್ಳು ಹೇಳಿದ್ದೆ — ಬಾಯಿತಪ್ಪಿ ಅಲ್ಲ, ಬೇಕೆಂದೇ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ವಡೋದರಾದ ನನ್ನ ಬಾಡಿಗೆ ಫ್ಲ್ಯಾಟಿನಲ್ಲಿ ಭಾನುವಾರ ಮಧ್ಯಾಹ್ನ ನಾವು ನಾಲ್ವರು ಮೇಜಿನ ಸುತ್ತ ಕೂತು ಆಡುತ್ತಿದ್ದೆವು. ಒಬ್ಬರು ಕಥೆ ನಡೆಸಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು, ದಾಳ ಬಿದ್ದಂತೆ ಬದುಕಬೇಕು ಇಲ್ಲವೇ ಸಾಯಬೇಕು — ಅಂಥ ಆಟ. ಕಥೆ ನಡೆಸುವ ಕುರ್ಚಿ ಎರಡು ವರ್ಷದಿಂದ ನನ್ನದೇ. ಕಾರ್ಖಾನೆಯಲ್ಲಿ ವಾರವಿಡೀ ತಲೆಯಾಡಿಸುವ ನನ್ನ ಮಾತನ್ನು ಮೂರು ಜನ ಕೇಳುತ್ತಿದ್ದದ್ದು ಅಲ್ಲಿ ಮಾತ್ರ.

ನೀನು ವಡೋದರಾ ಪಕ್ಕದ ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನಲ್ಲಿ ಬೆಳೆದವಳು. ಒಂಬತ್ತನೇ ವಯಸ್ಸಿಗೆ ಅಮ್ಮನನ್ನು ಕಳೆದುಕೊಂಡವಳು. ಶಿಫ್ಟ್ ಮುಗಿಸಿ ಬರುವ ಅಪ್ಪನಿಗೆ ಮಾತು ಕಡಿಮೆ. ನಿನ್ನ ಕನ್ನಡ ಅಮ್ಮ ಬಿಟ್ಟುಹೋದಲ್ಲೇ ನಿಂತಿತ್ತು.

ಆ ಭಾನುವಾರ ನೀನು ನಮ್ಮ ಆಟಕ್ಕೊಂದು ಪೂರಕ ಪುಸ್ತಕ ಬರೆದು ತಂದಿದ್ದೆ. ಇಂಗ್ಲಿಷಿನಲ್ಲಿ, ನಲವತ್ತು ಪುಟ, ಜೆರಾಕ್ಸ್ ಮಾಡಿಸಿ ಒಬ್ಬೊಬ್ಬರಿಗೂ ಒಂದೊಂದು ಪ್ರತಿ. ನಿನ್ನ ಅಮ್ಮ ಹೇಳುತ್ತಿದ್ದ ಕಥೆಗಳೇ ಅದರಲ್ಲಿ ನಮ್ಮ ಪಾತ್ರಗಳು ಹೊಕ್ಕು ಆಡಬೇಕಾದ ಒಂದು ದೊಡ್ಡ ಮನೆಯಾಗಿದ್ದವು. ಓದಿದ ಕೂಡಲೇ ಎಲ್ಲರೂ ಮೊದಲ ಅನಿಸಿಕೆ ಹೇಳುವುದು ನಮ್ಮ ಪದ್ಧತಿ. ಸೂರತ್‌ನಿಂದ ಬಂದಿದ್ದ ಜಿಗ್ನೇಶ್ ನೆಟ್ಟಗಾದ ತೋಳಿನ ಕೂದಲು ತೋರಿಸಿದ. ಅಹಮದಾಬಾದಿನ ಹೇತಲ್, ಇನ್ನು ಮೇಲೆ ಕಥೆಯನ್ನು ವಿನುತಾಳೇ ನಡೆಸಲಿ ಎಂದಳು. ನನಗೆ ಹೊಟ್ಟೆ ಉರಿಯಿತು — ಅದಕ್ಕೆ ಬೇರೆ ಹೆಸರಿಲ್ಲ.

ಅಷ್ಟರಲ್ಲಿ ಜಿಗ್ನೇಶ್ ಒಂದು ಸಾಲಿನಲ್ಲಿ ಎಡವಿದ. ದೀಪ ದೊಡ್ಡದು ಮಾಡಿದರೆ ಕೋಣೆ ಕತ್ತಲಾಗುತ್ತದೆ ಎಂದು ನೀನು ಬರೆದಿದ್ದೆ, ಕನ್ನಡದ ಮಾತನ್ನು ಅಕ್ಷರಕ್ಕಕ್ಷರ ಇಂಗ್ಲಿಷಿಗೆ ತಂದು. ದೊಡ್ಡದು ಮಾಡಿದರೆ ಕತ್ತಲೆ ಹೇಗೆ? ಇಬ್ಬರೂ ನಕ್ಕರು. ನೀನು ನನ್ನ ಕಡೆ ತಿರುಗಿದೆ — ಅಲ್ಲಿದ್ದ ಇನ್ನೊಬ್ಬ ಕನ್ನಡಿಗ ನಾನೇ ತಾನೆ?

"ಅಮ್ಮ ಹಾಗೇ ಬೋಲ್ತಿದ್ರು. ನೀನು ಹೇಳು ಇವರಿಗೆ."

ನನಗೆ ಗೊತ್ತಿತ್ತು. ದೀಪ ಆರಿಸು ಎನ್ನುವುದು ಅಪಶಕುನವೆಂದು ನನ್ನ ಅಮ್ಮನೂ ದಿನಾ ದೊಡ್ಡದು ಮಾಡು ಎಂದೇ ಹೇಳುತ್ತಿದ್ದಳು. ಒಂದು ವಾಕ್ಯ ಸಾಕಿತ್ತು.

"ಕನ್ನಡದಲ್ಲಿ ಅಂಥ ಮಾತೇ ಇಲ್ಲ," ಎಂದೆ. "ನಿನಗೆ ತಪ್ಪು ನೆನಪು."

ನೀನು ಜಗಳವಾಡಲಿಲ್ಲ. "ಹಾಗಾದ್ರೆ... ಬಾಕಿ ಎಲ್ಲಾನೂ ತಪ್ಪು ನೆನಪಾ?" ಎಂದು ಮೆಲ್ಲಗೆ ಕೇಳಿದೆ. ಬಾಕಿ ಎಲ್ಲಾ ಎಂದರೆ ಪುಸ್ತಕವಲ್ಲ, ನಿನ್ನ ಅಮ್ಮ. ಅದು ನನಗೆ ಅರ್ಥವಾಯಿತು. ಅರ್ಥವಾಗಿಯೂ ದಾಳ ಕೈಯಲ್ಲಿ ಆಡಿಸುತ್ತ ಕೂತೆ. ನೀನು ಎಲ್ಲ ಪ್ರತಿಗಳನ್ನೂ ಎತ್ತಿಕೊಂಡು ಹೋದೆ.

ಮತ್ತೆ ಬರಲಿಲ್ಲ. ಒಮ್ಮೆ ಸ್ಟೇಷನ್ನಿನಲ್ಲಿ ಸಿಕ್ಕಾಗ ನೀನು ನನ್ನನ್ನು ಹಿಂದಿಯಲ್ಲಿ ಮಾತಾಡಿಸಿದೆ. ನನ್ನ ಜೊತೆ ನೀನು ಕನ್ನಡ ಬಿಟ್ಟದ್ದು ಅದೇ ಮೊದಲು. ಆಗಲಾದರೂ ಹೇಳಬಹುದಿತ್ತು —

ಕುರ್ಚಿ ನನಗೇ ಉಳಿಯಿತು. ಆರು ತಿಂಗಳಲ್ಲಿ ಆಟವೇ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದು ಎಲ್ಲಿಗೂ ಹೋಗಲಿಲ್ಲ, ಇಲ್ಲೇ ಇದೆ.

ನಿಮ್ಮ ಕ್ವಾರ್ಟರ್ಸಿನಲ್ಲಿ ಈಗ ಬೇರೆಯವರಿದ್ದಾರೆ. ನಿನ್ನ ಹಳೆಯ ಇ-ಮೇಲ್‌ಗೆ ಕಳಿಸಿದ್ದೆಲ್ಲ ವಾಪಸ್ ಬರುತ್ತದೆ. ಜಿಗ್ನೇಶ್, ಹೇತಲ್ ಇಬ್ಬರಿಗೂ ನಿಜ ಹೇಳಿದ್ದೇನೆ; ಅವರಿಗೂ ನಿನ್ನ ವಿಳಾಸ ಗೊತ್ತಿಲ್ಲ. ಕ್ಷಮೆ ಕೇಳಲಿಕ್ಕಲ್ಲ ಈ ಹುಡುಕಾಟ. ಅಮ್ಮನ ಮಾತೊಂದು ನೆನಪಾದಾಗಲೆಲ್ಲ ಇದು ನಿಜವೋ ಸುಳ್ಳೋ ಎಂದು ನೀನು ಇವತ್ತಿಗೂ ಅನುಮಾನಪಡುತ್ತಿದ್ದರೆ? ಆ ಯೋಚನೆ ನನ್ನನ್ನು ಕೂತಲ್ಲಿ ಕೂರಲು ಬಿಡುವುದಿಲ್ಲ.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಅವಳನ್ನು ಬಲ್ಲವರಿದ್ದರೆ, ನನ್ನ ಸುದ್ದಿಯೇ ಎತ್ತಬೇಡಿ. ಇಷ್ಟು ಮಾತ್ರ ಹೇಳಿ: ನಿನ್ನ ಅಮ್ಮ ಹಾಗೆಯೇ ಹೇಳುತ್ತಿದ್ದರು. ನಿನಗೆ ಸರಿಯಾಗಿಯೇ ನೆನಪಿತ್ತು.