ಕಲಿಸಿದವನೇ ನಪಾಸು

ಗುಡೂರಿನ ಬೀರಪ್ಪನ ಗುಡಿಯ ಹಿಂದಿನ ಬಯಲಿಗೆ ಇನ್ನೂ ಬಿಸಿಲು ಇಳಿದಿಲ್ಲ. ಗೂಟದಿಂದ ಗೂಟಕ್ಕೆ ಬಿಗಿದ ಕರಿ ಉಣ್ಣೆಯ ಎಳೆಗಳಿಗೆ ಚಂದಪ್ಪ ಮಾಸ್ತರರು ಹುಣಸೆ ಬೀಜದ ಗಂಜಿ ಸವರುತ್ತಿದ್ದಾರೆ. ಅರವತ್ತೆರಡರ ಅಮಸಿದ್ದಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅವರ ಜೊತೆಗೇ ನಡೆಯುತ್ತಾರೆ.

"ಗಂಜಿ ದಪ್ಪ ಆಗೇತ್ರಿ ಮಾಸ್ತರ. ಬಿಸಲ ಏರೂದ್ರಾಗ ಎಳಿಗೆಳಿ ಅಂಟಕೋತಾವ ನೋಡ್ರಿ," ಎನ್ನುತ್ತಾರೆ. ಕುಂಚವನ್ನು ಮಾತ್ರ ಮುಟ್ಟುವುದಿಲ್ಲ.

ಇದು ಅವರ ಪದ್ಧತಿ. "ನಾ ತಿದ್ದಿದ್ರ ಕಂಬಳಿ ಚಲೋ ಆಗತೈತಿ, ಕಲಿಯಾವ್ರ ಕೈ ಹಂಗ ಉಳೀತೈತಿ." ಹನ್ನೆರಡನೇ ವಯಸ್ಸಿಗೆ ತಂದೆ ಮುದಕಪ್ಪನ ಮಗ್ಗಕ್ಕೆ ಕೂತ ಇವರಿಗೆ ಒಂದು ಕಂಬಳಿಗೆ ಈಗಲೂ ನಾಲ್ಕು ದಿನ ಬೇಕು. ಕೈಹಿಡಿಯದೆ ಕಲಿಸಿದ್ದು ನಲವತ್ತೊಂದು ಮಂದಿಗೆ. ಯಾರಿಂದಲೂ ಏನೂ ತೆಗೆದುಕೊಂಡಿಲ್ಲ. ಕಲಿತವರು ಮೊದಲ ಕಂಬಳಿಯನ್ನು ಬೀರಪ್ಪನ ಮುಂದೆ ಹಾಸಿದರೆ ಮುಗಿಯಿತು.

ಎಂಬತ್ತೆರಡನೇ ಇಸವಿಯಲ್ಲಿ ಪಕ್ಕದ ಊರಿನಲ್ಲಿ ಕಂಬಳಿ ನೇಯ್ಗೆಯ ತರಬೇತಿ ಕೇಂದ್ರ ತೆರೆಯಿತು. ಶಿಕ್ಷಕನ ಹುದ್ದೆಗೆ ಡಿಪ್ಲೊಮಾ ಬೇಕಂತೆ. ಅದನ್ನು ಹಿಡಿದು ಬಾಗಲಕೋಟೆಯಿಂದ ಬಂದ ಚಂದಪ್ಪನವರಿಗೆ ಹತ್ತಿಯ ನೂಲು ಗೊತ್ತಿತ್ತು, ಉಣ್ಣೆ ಗೊತ್ತಿರಲಿಲ್ಲ. ಅಮಸಿದ್ದಪ್ಪನ ಮನೆ ಬಾಗಿಲಿಗೆ ಬಂದು ನಿಂತರು. ಮರುದಿನದಿಂದ ಅಜ್ಜ ಮೊದಲ ಬಸ್ಸಿಗೆ ಹೋಗಿ ಅಲ್ಲಿನ ಹುಡುಗಿಯರಿಗೂ ಗಂಡಸರಿಗೂ ಕಲಿಸತೊಡಗಿದರು, ಪುಕ್ಕಟೆಯಾಗಿ.

ಕಲಿಯಲು ಬಂದವರು ಹದಿನಾಲ್ಕು ಮಂದಿ. ಹದಿನೈದಾಗದಿದ್ದರೆ ಕೇಂದ್ರಕ್ಕೆ ಬೀಗ. ಹಾಜರಿಯ ಹದಿನೈದನೇ ಸಾಲಿಗೆ ಅಮಸಿದ್ದಪ್ಪನ ಹೆಸರು ಬಿತ್ತು, ಕಲಿಯುವವನೆಂದು.

"ಹೆಸರ ಬರದಾಂವ ನಾನ ರೀ," ಎಂದು ಚಂದಪ್ಪ ತಲೆ ತಗ್ಗಿಸುತ್ತಾರೆ. "ಲಿಖಿತ ಪರೀಕ್ಷಾ ಇಡತಾರಂತ ಗೊತ್ತಿರಲಿಲ್ಲ."

ಅಕ್ಷರ ಬಾರದ ಅಮಸಿದ್ದಪ್ಪ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಎದ್ದು ಬಂದರು. ಅವರು ಕಲಿಸಿದ ಹದಿನಾಲ್ಕೂ ಮಂದಿ ಪಾಸು. ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ನಪಾಸು. ಅಷ್ಟಕ್ಕೇ ಸುಮ್ಮನಾಗದ ಮೇಲಧಿಕಾರಿಗಳು, ನಪಾಸಾದವರು ಕೇಂದ್ರದೊಳಗೆ ಕಾಲಿಡಕೂಡದೆಂದು ನೋಟೀಸು ಹಚ್ಚಿದರು. ಆ ಸಹಿ ಹಾಕಿದ ಕೈಗೆ ಒಂದು ಎಳೆ ಹೊಸೆಯಲು ಬಂದೀತೇ? ಗುರುವನ್ನು ಹೊರಗೆ ನಿಲ್ಲಿಸಿ ವಿದ್ಯೆಯನ್ನು ಒಳಗಿಟ್ಟುಕೊಂಡೆವೆಂದು ಬೀಗುವವರಿಗೆ ನಾಚಿಕೆಯಾದರೂ ಬೇಡವೇ?

"ಆ ಸಾಹೇಬರಿಗೆ ಚಳಿಗೆ ಇವರ ಕಂಬಳಿ ಬೇಕು, ಇವರು ಬ್ಯಾಡ," ಎಂದು ಹೆಂಡತಿ ರಂಗವ್ವ ನೂಲುತ್ತಲೇ ಕಿಡಿಕಾರುತ್ತಾರೆ. "ಇನ್ನ ಯಾರಿಗೂ ಕಲಿಸಬ್ಯಾಡ್ರಿ ಅಂದೇನಿ. ಕೇಳಿದ್ರ ಹೌದು."

ಹೊಸ ತಂಡದಲ್ಲಿ ಹದಿನೆಂಟು ಮಂದಿ ಇದ್ದಾರೆ. ಅವರ ಬಳಿಗೆ ಹೋಗುವ ದಾರಿ ಮುಚ್ಚಿದೆ. ಅದಕ್ಕೇ ಈಗ ಮಾಸ್ತರರು ನಸುಕಿನಲ್ಲಿ ಗುಡೂರಿಗೆ ಬಂದು ಕಲಿತು, ಹನ್ನೊಂದಕ್ಕೆ ಅಲ್ಲಿ ಕಲಿಸುತ್ತಾರೆ.

"ನಾ ಸಿಟ್ಟಾಗಿ ಕೂತ್ರ ಮಾಸ್ತರ ತಪ್ಪ ಕಲೀತಾರ, ಅವರಿಂದ ಹದಿನೆಂಟ ಮಂದಿ ತಪ್ಪ ಕಲೀತಾರ. ಸಿಟ್ಟ ನಂದು, ಅವರೇನ ಮಾಡ್ಯಾರ?" ಎನ್ನುತ್ತಾರೆ ಅಮಸಿದ್ದಪ್ಪ.

ಆ ಕೆಂಪು ಅಕ್ಷರ ಅಳಿಸಲು ಅರ್ಜಿ ಕೊಡುವುದಿಲ್ಲವೇ ಎಂದರೆ ನಗುತ್ತಾರೆ.

"ನನಗ ಓದಾಕ ಬರಂಗಿಲ್ಲ, ಅದು ಇದ್ರೇನ, ಹೋದ್ರೇನ. ಮಾಸ್ತರ ನೇಯ್ದ ಕಂಬಳಿ ಅಂಚ ಇನ್ನಾ ಸೊಟ್ಟ ಬರತೈತಿ. ಅದು ನೆಟ್ಟಗ ಆಗೂತನಕ ಅವರನ್ನ ನಾ ಪಾಸ ಮಾಡಂಗಿಲ್ರಿ."