ರೊಟ್ಟಿ ಬಿಟ್ಟು ಬ್ರೆಡ್ ಹಿಡಿದದ್ದು

ಬ್ರೆಡ್ ಕೊಳ್ಳುವಾಗ ಅದರ ಮುಖ ನೋಡಬೇಡಿ, ಬೆನ್ನು ನೋಡಿ. ಯಾರೂ ಕೇಳದಿದ್ದರೂ ಈ ಮಾತನ್ನು ಸೋಮವಾರಪೇಟೆಯಲ್ಲಿ ಎದುರು ಸಿಕ್ಕಿದವರಿಗೆಲ್ಲ ಹೇಳಿದ್ದೇನೆ. ಕೆಲವರು ಈಗ ನನ್ನನ್ನು ದೂರದಿಂದ ಕಂಡರೆ ರಸ್ತೆ ದಾಟುತ್ತಾರೆ. ನೀವು ಓದುಗರು, ದಾಟಲು ರಸ್ತೆಯಿಲ್ಲ, ಆದ್ದರಿಂದ ಕೇಳಿ.

ಪೊಟ್ಟಣದ ಮುಖದಲ್ಲಿ ಗೋಧಿಯ ತೆನೆ ಇರುತ್ತದೆ, ಹಸಿರು ಹೊಲ ಇರುತ್ತದೆ, ಹೊಲದ ಹಿಂದೆ ಸೂರ್ಯನೂ ಇರುತ್ತಾನೆ. ಬೆನ್ನಿಗೆ ತಿರುಗಿಸಿದರೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಮೊದಲ ಹೆಸರು ಮೈದಾದ್ದು. ಯಾವುದು ಹೆಚ್ಚಿದೆಯೋ ಅದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಕಂದು ಬಣ್ಣವೆಂದರೆ ತವುಡು ಎಂದು ನೀವು ನಂಬಿದ್ದರೆ, ಆ ಸಾಲಿನ ಕೊನೆಗೆ ಹೋಗಿ ನೋಡಿ, ಅಲ್ಲಿ ಸುಟ್ಟ ಸಕ್ಕರೆಯ ಬಣ್ಣ ತಲೆ ತಗ್ಗಿಸಿ ಕೂತಿರುತ್ತದೆ. ಹಲವು ಧಾನ್ಯಗಳ ಬ್ರೆಡ್ಡಿನಲ್ಲಂತೂ ಧಾನ್ಯಗಳೆಲ್ಲ ನೆತ್ತಿಯ ಮೇಲೆಯೇ ಅಂಟಿಕೊಂಡಿರುತ್ತವೆ. ನಾನು ಕಾಫಿ, ಕಾಳುಮೆಣಸಿನ ವ್ಯಾಪಾರಿ. ಕೈಯಲ್ಲಿ ಏನೂ ಇಲ್ಲದೆ ಶುರು ಮಾಡಿ ಸ್ವಂತ ಗೋದಾಮು ಮಾಡಿಕೊಂಡವನು. ಮೂಟೆಯ ಬಾಯಲ್ಲಿ ದಪ್ಪ ಕಾಳಿಟ್ಟು ಅಡಿಯಲ್ಲಿ ಜೊಳ್ಳು ತುಂಬಿದ್ದನ್ನೂ, ಮೆಣಸಿಗೆ ಪಪ್ಪಾಯಿ ಬೀಜ ಬೆರೆಸಿದ್ದನ್ನೂ ಮೂಗಿನಿಂದಲೇ ಹಿಡಿದಿದ್ದೇನೆ. ನನಗೆ ಬ್ರೆಡ್ಡು ಮೋಸ ಮಾಡುವುದೇ?

ಮಾಡಿತು. ಆದರೆ ಬೆನ್ನಿನಿಂದಲ್ಲ, ಮುಖದಿಂದಲೂ ಅಲ್ಲ. ಹೆಸರಿನಿಂದ.

ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುವ ಚಟ ನನ್ನದಲ್ಲ, ನನ್ನ ಹೆಂಡತಿ ಗಿರಿಜಳದು. ಈ ಸಲ ನನ್ನ ಸಕ್ಕರೆ ಗೆರೆ ದಾಟಿತ್ತು. ನಮ್ಮ ಡಾಕ್ಟರು ಕೇರಳದ ಕಣ್ಣೂರು ಕಡೆಯವರು, ಕೊಡಗಿಗೆ ಬಂದು ತಲೆ ನರೆತಿದೆ. ಕಾಗದ ನೋಡುತ್ತಲೇ ಕೇಳಿದರು:

“ಬೆಳಿಗ್ಗೆ ಏನು ತಿನ್ನುವುದು?”

“ರೊಟ್ಟಿ.”

“ಎಷ್ಟು?”

“ಮೂರೋ ನಾಕೋ. ಚಟ್ನಿ ಚೆನ್ನಾಗಿದ್ರೆ ಲೆಕ್ಕ ಇಡಲ್ಲ ಡಾಕ್ಟ್ರೇ.”

“ರೊಟ್ಟಿ ಬೇಡ. ಪೂರ್ತಿ ನಿಲ್ಲಿಸಿ. ಕ್ಲೀನ್ ಡಯಟ್ ಮಾಡಿ. ಮೂರು ತಿಂಗಳು ನೋಡುವ. ಇಳಿಯದಿದ್ರೆ ಮಾತ್ರೆ.”

ಮಾತ್ರೆ ಎಂದದ್ದು ನನ್ನ ಎದೆಗೆ ನಾಟಿತು. ನುಂಗುವ ಹೆದರಿಕೆ ಅಲ್ಲ. ಸಕ್ಕರೆಯ ಮಾತ್ರೆ ಎಂದರೆ ಸಾಯುವವರೆಗೆ ಒಂದೇ ಅಂಗಡಿಯ ಗಿರಾಕಿಯಾಗುವುದು, ಅದೂ ಅಚ್ಚು ಹಾಕಿದ ಬೆಲೆಗೆ. ಚೌಕಾಸಿ ಮಾಡಿಯೇ ಬದುಕು ಕಟ್ಟಿಕೊಂಡವನಿಗೆ ಅದಕ್ಕಿಂತ ಹೀನಾಯ ಏನಿದೆ? ಮೂರು ತಿಂಗಳಲ್ಲಿ ಸಕ್ಕರೆ ಇಳಿಸಿಯೇ ಸಿದ್ಧ ಎಂದು ಶಪಥ ಮಾಡಿದೆ.

ಗಿರಿಜ ಸಿಡಿದೆದ್ದದ್ದು ಬೇರೆ ಮಾತಿಗೆ. “ಕ್ಲೀನ್ ಡಯಟ್ಟಂತೆ! ಇಷ್ಟು ವರ್ಷ ನಾನೇನು ಕೊಳೆ ಬೇಯ್ಸಿ ಹಾಕ್ತಿದ್ನಾ?”

ಈ ಕ್ಲೀನ್ ಎಂಬ ಪದದಲ್ಲಿಯೇ ತೊಡಕಿದೆ. ನಮ್ಮ ವ್ಯಾಪಾರದಲ್ಲಿ ಕ್ಲೀನ್ ಕಾಫಿ ಎಂದರೆ ಸಿಪ್ಪೆ ಹೋದ ಬೀಜ. ಮೊಬೈಲಿನಲ್ಲಿ ಆಹಾರದ ಉಪದೇಶ ಕೊಡುವವರ ಪ್ರಕಾರ ಸಿಪ್ಪೆ, ತವುಡು ಎಲ್ಲ ಇದ್ದರೇನೇ ಕ್ಲೀನ್. ಆ ಲೆಕ್ಕದಲ್ಲಿ ನಾನು ಜೀವಮಾನವಿಡೀ ಕೊಳಕು ಮಾಲನ್ನು ಕ್ಲೀನ್ ಎಂದು ಮಾರಿದ ಹಾಗಾಯಿತು.

ರೊಟ್ಟಿ ನಿಂತಿತು. ನಮ್ಮಲ್ಲಿ ರೊಟ್ಟಿ ಎಂದರೆ ಅಕ್ಕಿ ರೊಟ್ಟಿ, ಅದಕ್ಕೆ ಇನ್ನೊಂದು ಅರ್ಥ ಹುಡುಕುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಬದಲಿಗೆ ಏನು ಎಂಬ ಪ್ರಶ್ನೆಗೆ ಗಿರಿಜಳ ಬಳಿ ಉತ್ತರ ತಯಾರಿತ್ತು. ನಾವು ಚಿಕ್ಕವರಿದ್ದಾಗ ಬ್ರೆಡ್ ಮನೆಯೊಳಗೆ ಬರುತ್ತಿದ್ದುದು ಜ್ವರ ಬಂದಾಗ ಮಾತ್ರ. ಆಸ್ಪತ್ರೆಗೆ ನೋಡಲು ಹೋಗುವವರ ಕೈಚೀಲದಲ್ಲಿ ಒಂದು ಬ್ರೆಡ್, ಒಂದು ಡಜನ್ ಬಾಳೆಹಣ್ಣು. ಹಾಲಿನಲ್ಲಿ ಅದ್ದಿದ ಬ್ರೆಡ್ ತಿನ್ನುವ ಆಸೆಗೆ ನಾನು ಬಾರದ ಜ್ವರವನ್ನು ಬರಿಸಿಕೊಂಡದ್ದುಂಟು. ಹಾಗಾಗಿ ರೋಗಿಗೆ ಬ್ರೆಡ್ ಎಂಬುದು ನಮಗಿಬ್ಬರಿಗೂ ಶಾಸ್ತ್ರದಷ್ಟೇ ನಿಶ್ಚಿತ.

ಇನ್ನು ಒಳ್ಳೆಯ ಬ್ರೆಡ್ ಹುಡುಕುವ ಜವಾಬ್ದಾರಿ ನನ್ನದು. ಅಂಗಡಿಯ ಪೊಟ್ಟಣಗಳ ಬೆನ್ನನ್ನೆಲ್ಲ ಓದಿ ಮುಗಿಸಿ, ಕೊನೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿಯ ಹಂಸಾಕನ ಮುಂದೆ ನಿಂತೆ. ಹಂಸಾಕ ಕೇರಳದ ಕಡೆಯವನು, ನನ್ನ ಹಳೆಯ ಸ್ನೇಹಿತ.

“ರೊಟ್ಟಿ ಖಾಲಿ ಆಯ್ತಲ್ಲ ಸಾವ್ಕಾರ್ರೇ, ಸಂಜೆ ಬನ್ನಿ,” ಎಂದ.

“ಅದು ರೊಟ್ಟಿ ಅಲ್ಲ ಮಾರಾಯ, ಬ್ರೆಡ್ಡು. ಇಲ್ಲಿಗ್ ಬಂದು ಇಷ್ಟ್ ವರ್ಷ ಆಯ್ತು, ಕನ್ನಡ ಕಲೀಲಿಲ್ಲ ನೀನು!”

“ನಮ್ಮಲ್ಲಿ ಇದೇ ರೊಟ್ಟಿ. ಎಂತ ಬೇಕು ಹೇಳಿ.”

“ಮೈದಾ ಇಲ್ದೆ, ಪೂರ್ತಿ ಗೋಧಿ ಹಿಟ್ಟಿಂದು. ಸಕ್ಕರೆ, ಡಾಲ್ಡಾ ಎರಡೂ ಹಾಕ್ಬಾರ್ದು.”

ಹಂಸಾಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. “ಅದು ಉಬ್ಬುದಿಲ್ಲ, ಇಟ್ಟಿಗೆ ಆಗ್ತದೆ. ನಿಮಗೆ ತಿನ್ಲಿಕ್ಕಾ, ಗೋಡೆ ಕಟ್ಲಿಕ್ಕಾ?”

ನಾನು ಬಿಡಲಿಲ್ಲ. ಅವನ ಮಗಳ ಮದುವೆಯಲ್ಲಿ ನಾನು ಓಡಾಡಿದ್ದನ್ನು ನೆನಪಿಸಿದೆ, ಊರ ತುಂಬ ಗಿರಾಕಿ ಹಿಡಿದು ಕೊಡುವ ಆಸೆ ತೋರಿಸಿದೆ, ಸಾಲದ್ದಕ್ಕೆ ಮಾಮೂಲಿ ಬ್ರೆಡ್ಡಿನ ಬೆಲೆಗೇ ಒಪ್ಪಿಸಿದೆ. ಎರಡು ದಿನಕ್ಕೊಮ್ಮೆ ನನ್ನ ಇಟ್ಟಿಗೆ ತಯಾರಾಗತೊಡಗಿತು. ಅದನ್ನು ಕುಯ್ಯಲು ಗಿರಿಜ ಹಲಸಿನಕಾಯಿಯ ಕತ್ತಿ ಹೊರತೆಗೆದಳು. ದಿನಾ ನಾಲ್ಕು ಹೋಳು ಕಾಯಿಸಿ ಬೆಣ್ಣೆ ಸವರಿ ತಿನ್ನುತ್ತಿದ್ದೆ. ಬೆಣ್ಣೆ ಮನೆಯದು, ಆದ್ದರಿಂದ ಕ್ಲೀನ್ ಎಂದು ನಾನೇ ತೀರ್ಪು ಕೊಟ್ಟಿದ್ದೆ.

ಕಷ್ಟವಿದ್ದದ್ದು ಒಂದೇ. ಗಿರಿಜ ತನಗೆ ರೊಟ್ಟಿ ತಟ್ಟಿಕೊಳ್ಳುತ್ತಿದ್ದಳು. ಕಾವಲಿಯಿಂದ ಕೆಂಡಕ್ಕೆ ಬಿದ್ದ ರೊಟ್ಟಿ ಉಸಿರು ತುಂಬಿಕೊಂಡು ಉಬ್ಬುವ ವಾಸನೆ ಅಡುಗೆಮನೆಯಿಂದ ಬಂದಾಗ, ನನ್ನ ಹಲ್ಲಿನ ನಡುವೆ ಇಟ್ಟಿಗೆ ಇರುತ್ತಿತ್ತು.

“ಒಂದು ಚೂರು?”

“ಡಾಕ್ಟ್ರು ಪೂರ್ತಿ ನಿಲ್ಸಿ ಅಂದಿದಾರೆ. ಚೂರಿನ ಮಾತೇ ಬಂದಿಲ್ಲ.”

ಮೂರು ತಿಂಗಳಾಯಿತು. ಯುದ್ಧ ಗೆದ್ದವನ ಹಾಗೆ ಹೋಗಿ ಡಾಕ್ಟರ ಮುಂದೆ ಕುಳಿತೆ. ಅವರು ಕಾಗದ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಇಳಿದಿಲ್ಲ. ಒಂದು ಚೂರು ಏರಿದೆ. ರೊಟ್ಟಿ ಬಿಡಿ ಅಂತ ಹೇಳಿದ್ದೆ ಅಲ್ವಾ?”

“ದೇವರಾಣೆಗೂ ಬಿಟ್ಟಿದೀನಿ ಡಾಕ್ಟ್ರೇ!”

“ಹೌದು ಸರ್,” ಗಿರಿಜ ಸಾಕ್ಷಿ ನುಡಿದಳು, “ಅವತ್ತಿಂದ ಒಂದೂ ಹಾಕಿಲ್ಲ. ಬರೀ ಬ್ರೆಡ್ಡೇ ಕೊಟ್ಟಿರೋದು.”

ಡಾಕ್ಟರ ಪೆನ್ನು ಗಾಳಿಯಲ್ಲಿ ನಿಂತಿತು. “ಅದೇ ಅಲ್ವಾ ರೊಟ್ಟಿ!”

ಹಂಸಾಕನಿಗೆ ನಾನು ಹೇಳಿಕೊಟ್ಟ ಕನ್ನಡ ಪಾಠ ಕಿವಿಯಲ್ಲಿ ಗುಂಯ್ಗುಟ್ಟಿತು. ಇಲ್ಲಿ ಕೊಡವರು ಒಟ್ಟಿ ಎನ್ನುತ್ತಾರೆ, ನಾವು ರೊಟ್ಟಿ ಎನ್ನುತ್ತೇವೆ, ಉರ್ದುವಿನವರು ಬ್ರೆಡ್ಡಿಗೆ ಡಬಲ್ ರೊಟ್ಟಿ ಎನ್ನುತ್ತಾರೆ, ಮಲಯಾಳದವರಿಗೆ ಬ್ರೆಡ್ಡೇ ರೊಟ್ಟಿ. ಒಂದೇ ಸಂತೆಯಲ್ಲಿ ಇಷ್ಟೂ ಜನ ಒಬ್ಬರ ಮಾತು ಒಬ್ಬರಿಗೆ ಅರ್ಥವಾಯಿತೆಂದುಕೊಂಡು ಸುಖವಾಗಿ ಬಾಳುತ್ತಿದ್ದೇವೆ.

“ಹಾಗಾದ್ರೆ ನಿಮ್ಮ ರೊಟ್ಟಿಗೆ ಎಂತೆಲ್ಲ ಹಾಕುವುದು?” ಡಾಕ್ಟರು ಗಿರಿಜಳನ್ನು ಕೇಳಿದರು.

“ಅಕ್ಕಿಹಿಟ್ಟು, ಅನ್ನ, ನೀರು, ಉಪ್ಪು. ಅಷ್ಟೇ ಸರ್.” ಪೊಟ್ಟಣದ ಬೆನ್ನು ಓದಿದ ಹಾಗೆ ಹೇಳಿದಳು. ಇಷ್ಟು ಚಿಕ್ಕ ಬೆನ್ನನ್ನು ನಾನು ಯಾವ ಅಂಗಡಿಯಲ್ಲೂ ಕಂಡಿರಲಿಲ್ಲ.

ನಾನು ಗೆಲುವಿನಿಂದ ಎದ್ದು ನಿಂತೆ. “ಮತ್ತೆ ನಾಳೆಯಿಂದ ಶುರು ಮಾಡಬಹುದಲ್ಲ!”

“ಕೂತ್ಕೊಳ್ಳಿ. ಅಕ್ಕಿಯೂ ಸಕ್ಕರೆ ಏರಿಸ್ತದೆ. ಅದೇನು ದೊಡ್ಡ ಸಾಧು ಅಲ್ಲ. ಮಾತ್ರೆ ಬರೀತೇನೆ.”

ಆಗ ನನ್ನೊಳಗಿನ ವ್ಯಾಪಾರಿ ಎಚ್ಚೆತ್ತ. ಇನ್ನೂ ಮೂರು ತಿಂಗಳ ಗಡುವು ಕೇಳಿದೆ. ಸಂಜೆ ನಡೆಯುತ್ತೇನೆ, ಬೆಣ್ಣೆ ಬಿಡುತ್ತೇನೆ, ಪಲ್ಯವನ್ನೇ ಊಟ ಮಾಡಿಕೊಳ್ಳುತ್ತೇನೆ ಎಂದೆ. ರೊಟ್ಟಿ ಮೂರಕ್ಕೆ ನಿಲ್ಲಿಸುತ್ತೇನೆ ಎಂದೆ. ಅವರು ಅರ್ಧ ಎಂದರು. ಎರಡು ಎಂದೆ. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕತೊಡಗಿದಾಗ ಡಾಕ್ಟರು ಸೋತು, “ಒಂದು. ಅದಕ್ಕಿಂತ ಒಂದು ಚೂರು ಹೆಚ್ಚಿಲ್ಲ,” ಎಂದು ಪೆನ್ನು ಮುಚ್ಚಿದರು. ಮಾತ್ರೆ ಬರೆಯಲಿಲ್ಲ.

ದಾರಿಯುದ್ದಕ್ಕೂ ಒಳಗೊಳಗೇ ನಗುತ್ತಿದ್ದೆ. ಡಾಕ್ಟರು ಒಂದು ಎಂದರು, ಎಷ್ಟಗಲ ಎನ್ನಲಿಲ್ಲ. ಅಳತೆ ಗೊತ್ತು ಮಾಡಿಕೊಳ್ಳದೆ ಲೆಕ್ಕ ಒಪ್ಪಿಕೊಂಡ ಪಾಪದ ಮನುಷ್ಯ! ನಮ್ಮ ಕಾವಲಿ ಎಷ್ಟು ದೊಡ್ಡದೆಂದು ಅವರಿಗೇನು ಗೊತ್ತು?

ಮರುದಿನ ಬೆಳಿಗ್ಗೆ ತಟ್ಟೆ ಬಂತು. ತುಂಬ ಬೀನ್ಸ್ ಪಲ್ಯ, ಒಂದು ಗುಪ್ಪೆ ಕಾಯಿ ಚಟ್ನಿ, ನಡುವೆ ನನ್ನ ಅಂಗೈಗಿಂತ ಚಿಕ್ಕದಾದ, ಪೂರಿಯಷ್ಟೇ ಅಗಲದ ಒಂದು ರೊಟ್ಟಿ.

“ಇದೇನೇ ಇದು?”

“ಒಂದು,” ಎಂದಳು ಗಿರಿಜ. “ಅಗಲ ಎಷ್ಟು ಅಂತ ನೀವೂ ಮಾತಾಡ್ಲಿಲ್ಲವಲ್ಲ.”

ಅಂದಹಾಗೆ ಹಂಸಾಕ ಆ ಇಟ್ಟಿಗೆಯನ್ನು ಈಗಲೂ ಮಾಡುತ್ತಾನೆ. ಹೋಂಸ್ಟೇಗೆ ಬರುವವರು ಆರೋಗ್ಯಕ್ಕೆ ಒಳ್ಳೆಯದೆಂದು ಮುಗಿಬಿದ್ದು ಕೊಳ್ಳುತ್ತಾರಂತೆ, ಅದೂ ನಾನು ಚೌಕಾಸಿ ಮಾಡಿದ ಬೆಲೆಯ ದುಪ್ಪಟ್ಟಿಗೆ. ಅವರಿಗೂ ನನ್ನ ಸಲಹೆ ಅದೇ: ಬೆನ್ನು ನೋಡಿ. ಆಮೇಲೆ, ಒಂದೇ ಹೋಳು ತಿಂದು ನಿಲ್ಲಿಸಿ.

ನಾನಂತೂ ನನ್ನ ಒಂದು ರೊಟ್ಟಿಯನ್ನು ಅಂಚಿನಿಂದ ಶುರು ಮಾಡಿ, ಚೂರು ಚೂರೇ ಮುರಿದು, ಅಗಿದು ಅಗಿದು ತಿನ್ನುತ್ತೇನೆ. ಹಿಂದೆ ನಾಲ್ಕು ತಿನ್ನಲು ಹಿಡಿಯುತ್ತಿದ್ದಷ್ಟೇ ಹೊತ್ತು ಈಗ ಒಂದಕ್ಕೆ ಹಿಡಿಯುತ್ತದೆ. ಅದು ಸಿಹಿಯಾಗಿರುತ್ತದೆ ಎಂಬುದು ನನಗೆ ಈಗಲೇ ಗೊತ್ತಾದದ್ದು. ಡಾಕ್ಟರಿಗೆ ಇದನ್ನು ಹೇಳಿಲ್ಲ. ಸಿಹಿ ಎಂದರೆ ಅವರು ಇನ್ನೇನು ಅರ್ಥ ಮಾಡಿಕೊಳ್ಳುತ್ತಾರೋ!